ವೆಸ್ಟ್ ಇಂಡೀಸ್ ಯಾವ ದೇಶ? ಇಂಗ್ಲಿಷ್ ಮಾತಾಡುವ ಕೆರಿಬಿಯನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕವನಿದ್ದಾಗ ಶಾಲೆಯ ಅಟ್ಲಾಸ್‌ನಲ್ಲಿ ವೆಸ್ಟ್ ಇಂಡೀಸ್ ಹುಡುಕಿ ಹುಡುಕಿ ಸಾಕಾಗಿತ್ತು. ಭಾರತ ಇದೆ, ಇಂಗ್ಲೆಂಡ್ ಇದೆ, ಆಸ್ಟ್ರೇಲಿಯಾ ಇದೆ. ರೇಡಿಯೊದಲ್ಲಿ ಅಷ್ಟೊಂದು ಸಲ ಕೇಳಿದ ಆ ದೇಶ ಮಾತ್ರ ಎಲ್ಲೂ ಇಲ್ಲ. ನೀಲಿ ಸಮುದ್ರದ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಒಂದಷ್ಟು ಚುಕ್ಕಿಗಳಿದ್ದವು, ಅಷ್ಟೇ. ಆ ಚುಕ್ಕಿಗಳ ಮೇಲೆ ಆಗ ಹುಟ್ಟಿದ ಪ್ರೀತಿ ಇನ್ನೂ ಹೋಗಿಲ್ಲ. ಗೆಳೆಯರು, ನೆಂಟರ ಮಕ್ಕಳು, ಮ್ಯಾಚ್ ನೋಡುವಾಗ ಪಕ್ಕದಲ್ಲಿ ಕೂತವರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಇಟ್ಟಿದ್ದೇನೆ.

ವೆಸ್ಟ್ ಇಂಡೀಸ್ ಅನ್ನೋದು ಒಂದು ದೇಶವೇ?

ಅಲ್ಲ. ಹಲವು ದೇಶಗಳ ಬಳಗ ಅದು. ಆ ಹೆಸರಿನಲ್ಲಿ ಸರ್ಕಾರವಿಲ್ಲ, ಸೈನ್ಯವಿಲ್ಲ, ಪಾಸ್‌ಪೋರ್ಟ್ ಇಲ್ಲ. ಉಸೇನ್ ಬೋಲ್ಟ್ ಓಡಿದ್ದು ಜಮೈಕಾ ಪರವಾಗಿ. ಅದೇ ಜಮೈಕಾದ ಕ್ರಿಸ್ ಗೇಲ್ ಬ್ಯಾಟ್ ಹಿಡಿದು ಬಂದರೆ ವೆಸ್ಟ್ ಇಂಡೀಸ್ ಆಟಗಾರ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮ ಮಹಿಳೆಯರ ಕ್ರಿಕೆಟ್ ತಂಡ ಎದುರಿಸಿದ್ದು ಬಾರ್ಬಡೋಸನ್ನು. ಅಲ್ಲಿ ವೆಸ್ಟ್ ಇಂಡೀಸ್ ಅನ್ನುವ ಹೆಸರಿಗೆ ಜಾಗ ಇರಲಿಲ್ಲ.

ನಮ್ಮ ಮಲೆನಾಡನ್ನು ನೆನೆಸಿಕೊಳ್ಳಿ. ಮಲೆನಾಡು ಅನ್ನುವ ಜಿಲ್ಲೆ ಇಲ್ಲ, ಅದಕ್ಕೊಬ್ಬ ಜಿಲ್ಲಾಧಿಕಾರಿಯೂ ಇಲ್ಲ. ಆದರೂ ಮಳೆ, ಅಡಿಕೆ ತೋಟ, ಮಾತಿನ ಧಾಟಿ, ಊಟ ನೋಡಿದರೆ ಮಲೆನಾಡಿಗೆ ಬಂದೆವು ಅಂತ ಗೊತ್ತಾಗುತ್ತದೆ. ಇದೂ ಹಾಗೇ. ನಡುವೆ ಸಮುದ್ರ ಇದೆ ಅನ್ನೋದಷ್ಟೇ ಬೇರೆ.

ಯಾವ ಯಾವ ಜಾಗಗಳು ಇದರಲ್ಲಿ ಬರುತ್ತವೆ?

ಜಮೈಕಾ, ಬಾರ್ಬಡೋಸ್, ಟ್ರಿನಿಡಾಡ್ ಮತ್ತು ಟೊಬೇಗೊ, ಆಂಟಿಗುವಾ, ಸೇಂಟ್ ಲೂಸಿಯಾ, ಗ್ರೆನಡಾ, ಡೊಮಿನಿಕಾ, ಸೇಂಟ್ ವಿನ್ಸೆಂಟ್, ಸೇಂಟ್ ಕಿಟ್ಸ್, ಬಹಾಮಾಸ್ ದ್ವೀಪಗಳು. ಇನ್ನೂ ಬ್ರಿಟನ್ ಕೈಯಲ್ಲೇ ಇರುವ ಮಾಂಟ್ಸೆರಾಟ್, ಆಂಗ್ವಿಲಾದಂಥ ಪುಟ್ಟ ದ್ವೀಪಗಳೂ ಇವೆ.

ಇದೇ ಬಳಗಕ್ಕೆ ಸೇರುವ ಗಯಾನಾ ಮತ್ತು ಬೆಲೀಜ್ ದ್ವೀಪಗಳೇ ಅಲ್ಲ. ಗಯಾನಾ ದಕ್ಷಿಣ ಅಮೆರಿಕದ ನೆಲದ ಮೇಲಿದೆ, ಬೆಲೀಜ್ ಮಧ್ಯ ಅಮೆರಿಕದಲ್ಲಿದೆ. ಆದರೂ ಗಯಾನಾದವರು ತಮ್ಮನ್ನು ಕೆರಿಬಿಯನ್ ಜನ ಅಂತಲೇ ಕರೆದುಕೊಳ್ಳುತ್ತಾರೆ. ನೆಲ ಒಂದು ಕಡೆ, ನಂಟು ಇನ್ನೊಂದು ಕಡೆ.

ನಮ್ಮ ದೇಶಕ್ಕೂ 'ಇಂಡೀಸ್' ಅನ್ನೋ ಹೆಸರಿಗೂ ಏನು ಸಂಬಂಧ?

ಕೊಲಂಬಸ್‌ನ ತಪ್ಪು. 1492ರಲ್ಲಿ ಏಷ್ಯಾದ ಇಂಡೀಸ್ ತಲುಪಿದೆ ಅಂದುಕೊಂಡ. ಹೆಸರು ಉಳಿದುಕೊಂಡಿತು. ನಿಜವಾದ ಭಾರತೀಯರು ಅಲ್ಲಿಗೆ ಹೋಗಿದ್ದು ಮುನ್ನೂರೈವತ್ತು ವರ್ಷದ ಹತ್ತಿರ ಆದಮೇಲೆ. ಆ ಕತೆ ಮುಂದೆ ಬರುತ್ತದೆ.

ಅಷ್ಟು ದೂರದ ದ್ವೀಪಗಳಿಗೆ ಇಂಗ್ಲಿಷ್ ಹೋಗಿದ್ದು ಹೇಗೆ?

ಕಬ್ಬಿನ ಬೆನ್ನು ಹತ್ತಿ.

ಇಂಗ್ಲಿಷರು ಬಾರ್ಬಡೋಸ್‌ನಲ್ಲಿ ನೆಲೆಯೂರಿದ್ದು 1627ರಲ್ಲಿ. 1640ರ ದಶಕದಲ್ಲಿ ಅಲ್ಲಿ ಕಬ್ಬು ಶುರುವಾಯಿತು. 1655ರಲ್ಲಿ ಸ್ಪೇನ್‌ನಿಂದ ಜಮೈಕಾ ಕಿತ್ತುಕೊಂಡರು. 1797ರಲ್ಲಿ ಟ್ರಿನಿಡಾಡ್ ಹಿಡಿದರು. ಡಚ್ಚರ ಕೈಯಲ್ಲಿದ್ದ ಗಯಾನಾ 1814ರಲ್ಲಿ ಅವರದಾಯಿತು. ಎಲ್ಲಿ ಹೋದರೂ ಅದೇ ಕಬ್ಬು, ಅದೇ ಆಲೆಮನೆ, ಅದೇ ಬೆಲ್ಲದ ಕಾಕಂಬಿ, ಅದರಿಂದ ರಮ್.

ಕಡಿದ ಕಬ್ಬು ಕಾಯುವುದಿಲ್ಲ. ಮಂಡ್ಯದ ಯಾವ ರೈತರನ್ನು ಕೇಳಿದರೂ ಹೇಳುತ್ತಾರೆ, ಒಂದೆರಡು ದಿನ ತಡವಾದರೂ ರಸ ಕೆಡುತ್ತದೆ, ಇಳುವರಿ ಬೀಳುತ್ತದೆ. ಹಾಗಾಗಿ ತೋಟದ ಪಕ್ಕದಲ್ಲೇ ಗಾಣ ಬೇಕು, ಸುಗ್ಗಿಯಲ್ಲಿ ಹಗಲೂ ರಾತ್ರಿ ಆಳು ಬೇಕು. ಆ ಆಳುಗಳನ್ನು ಆಫ್ರಿಕಾದಿಂದ ಸರಪಳಿ ಹಾಕಿ ತಂದರು. ಲಕ್ಷಗಟ್ಟಲೆ ಜನರನ್ನು. ಒಂದೇ ತೋಟದಲ್ಲಿ ಇಗ್ಬೊ ಮಾತಾಡುವವರು, ಅಕಾನ್ ಮಾತಾಡುವವರು, ಯೊರುಬಾ ಮಾತಾಡುವವರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಎಲ್ಲರ ಕಿವಿಗೂ ಬೀಳುತ್ತಿದ್ದದ್ದು ಒಂದೇ, ಮೇಸ್ತ್ರಿಯ ಇಂಗ್ಲಿಷ್.

'ಇಂಗ್ಲಿಷ್ ಪರಂಪರೆ' ಅನ್ನುವ ಮಾತು ಕೇಳಿದಾಗೆಲ್ಲ ನನಗೆ ಇದು ನೆನಪಾಗುತ್ತದೆ. ಆ ಭಾಷೆಯನ್ನು ಯಾರೂ ಇವರಿಗೆ ಉಡುಗೊರೆ ಕೊಡಲಿಲ್ಲ. ತಮ್ಮ ಭಾಷೆಗಳನ್ನು ಕಳೆದುಕೊಂಡವರು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಬದುಕಿದರು.

ಗುಲಾಮರ ವ್ಯಾಪಾರ ನಿಂತದ್ದು 1807ರಲ್ಲಿ. ಗುಲಾಮಗಿರಿಯೇ ಕಾನೂನಿನಲ್ಲಿ ಕೊನೆಯಾದದ್ದು 1834ರ ಆಗಸ್ಟ್ 1ರಂದು. ಅದಾದ ಮೇಲೂ 'ತರಬೇತಿ' ಅನ್ನೋ ಹೆಸರಿನಲ್ಲಿ ಹೆಚ್ಚಿನವರನ್ನು ದುಡಿಸಿಕೊಂಡು, ಪೂರ್ತಿ ಬಿಟ್ಟದ್ದು 1838ರಲ್ಲಿ. ಬ್ರಿಟಿಷ್ ಸರ್ಕಾರ ಆಗ 2 ಕೋಟಿ ಪೌಂಡ್ ಪರಿಹಾರ ಇಟ್ಟಿತು. ಅದು ಹೋದದ್ದು ಗುಲಾಮರನ್ನು ಇಟ್ಟುಕೊಂಡಿದ್ದ ಮಾಲೀಕರಿಗೆ. ದುಡಿದವರಿಗೆ ಒಂದು ಕಾಸೂ ಸಿಗಲಿಲ್ಲ. ಇವತ್ತಿಗೂ ಈ ಭಾಗದ ಬಹಳಷ್ಟು ದೇಶಗಳಲ್ಲಿ ಆಗಸ್ಟ್ ಮೊದಲ ದಿನಗಳಲ್ಲಿ ಬಿಡುಗಡೆಯ ರಜೆ ಇದೆ.

ಅಲ್ಲಿನ ಜನ ಮನೆಯಲ್ಲಿ ಮಾತಾಡೋದೂ ಇಂಗ್ಲಿಷೇನಾ?

ಕಚೇರಿ, ಕೋರ್ಟು, ಪತ್ರಿಕೆ, ಪರೀಕ್ಷೆಗೆ ಇಂಗ್ಲಿಷ್. ಮನೆ, ಸಂತೆ, ಜಗಳ, ಪ್ರೀತಿಗೆ ಬೇರೆ ಮಾತು. ಜಮೈಕಾದಲ್ಲಿ ಅದನ್ನು ಪಟ್ವಾ ಅನ್ನುತ್ತಾರೆ. ಬಾರ್ಬಡೋಸ್‌ನದು ಬೇಜನ್, ಗಯಾನಾದ್ದು ಕ್ರಿಯೊಲೀಸ್. ಭಾಷೆ ಓದಿದವರು ಇವನ್ನೆಲ್ಲ ಕ್ರಿಯೋಲ್ ಅನ್ನುತ್ತಾರೆ. ಪದಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು, ಆದರೆ ಅವನ್ನು ಕೂಡಿಸುವ ಬಗೆ ಬೇರೆ, ಲಯ ಬೇರೆ.

ಜಮೈಕಾದಲ್ಲಿ 'ನಾನು ಊಟ ಮಾಡ್ತಾ ಇದ್ದೀನಿ' ಅನ್ನೋಕೆ 'ಮಿ ಆ ನ್ಯಾಮ್' ಅನ್ನುತ್ತಾರೆ. 'ನ್ಯಾಮ್' ಅಂದರೆ ತಿನ್ನು. ಪಶ್ಚಿಮ ಆಫ್ರಿಕಾದಿಂದ ಬಂದ ಪದ. ಮಗುವಿಗೆ 'ಪಿಕ್ನಿ' ಅನ್ನುತ್ತಾರೆ, ಅದು ಪೋರ್ಚುಗೀಸ್ ಮೂಲದ್ದು. ಮಕ್ಕಳು ಅನ್ನಬೇಕಾದರೆ 'ಡಿ ಪಿಕ್ನಿ ಡೆಮ್'. ನಾವು ಮರ ಅನ್ನುವ ಪದದ ಕೊನೆಗೆ 'ಗಳು' ಸೇರಿಸಿ ಮರಗಳು ಅನ್ನುವ ಹಾಗೆ ಅವರು ಪದದ ಕೊನೆಗೆ 'ಡೆಮ್' ಇಡುತ್ತಾರೆ. ಎಲ್ಲ ಅಸ್ತವ್ಯಸ್ತವಾಗಿ ಬಿದ್ದಿದ್ದರೆ 'ಚಾಕ ಚಾಕ'. ಬೇಗ ಬೇಗ, ಮೆಲ್ಲ ಮೆಲ್ಲಗೆ ಅನ್ನುವ ನಮಗೆ ಈ ಜೋಡಿಪದದ ರುಚಿ ಹೇಳಿಕೊಡಬೇಕಿಲ್ಲ, ಅಲ್ವಾ?

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 'ಉನು' ಅನ್ನುವ ಪದ. ಇವತ್ತಿನ ಇಂಗ್ಲಿಷಿನಲ್ಲಿ ಒಬ್ಬರಿಗೂ 'ಯೂ', ಹತ್ತು ಜನಕ್ಕೂ 'ಯೂ'. ಇವರಿಗೆ ಅದು ಸಾಕಾಗಲಿಲ್ಲ. ಒಬ್ಬರಿಗೆ 'ಯು' ಇಟ್ಟುಕೊಂಡು, 'ನೀವೆಲ್ಲ' ಅನ್ನೋಕೆ ಇಗ್ಬೊ ಭಾಷೆಯಿಂದ 'ಉನು' ತಂದರು. ಬಾರ್ಬಡೋಸ್‌ನಲ್ಲಿ ಅದೇ 'ವನಾ' ಆಯಿತು. ಟ್ರಿನಿಡಾಡ್‌ನವರು 'ಆಲ್ಯು' ಅಂತ ತಮ್ಮದೇ ಪದ ಮಾಡಿಕೊಂಡರು. ಒಂದೊಂದು ದ್ವೀಪಕ್ಕೂ ಪದ ಬೇರೆ, ಆದರೆ ಕೊರತೆ ಕಂಡದ್ದು ಎಲ್ಲರಿಗೂ ಒಂದೇ ಜಾಗದಲ್ಲಿ.

ಸೇಂಟ್ ಲೂಸಿಯಾ ಮತ್ತು ಡೊಮಿನಿಕಾದ ಕತೆ ಸ್ವಲ್ಪ ಬೇರೆ. ಅಲ್ಲಿ ಫ್ರೆಂಚರೂ ಬಹಳ ಕಾಲ ಇದ್ದರು. ಹಾಗಾಗಿ ಅಲ್ಲಿ ಫ್ರೆಂಚ್ ಪದಗಳಿಂದ ಹುಟ್ಟಿದ ಕ್ವೆಯೊಲ್ ಅನ್ನುವ ಮಾತು ಇಂದಿಗೂ ಇದೆ.

ಅದನ್ನು 'ಕೆಟ್ಟ ಇಂಗ್ಲಿಷ್' ಅನ್ನುತ್ತಾರಲ್ಲ, ಸರಿಯೇ?

ಸರಿಯಲ್ಲ. ಧಾರವಾಡದ ಮಾತನ್ನೋ ಕುಂದಾಪುರದ ಮಾತನ್ನೋ ಯಾರಾದರೂ 'ಕೆಟ್ಟ ಕನ್ನಡ' ಅಂದರೆ ನಮಗೆ ಎಷ್ಟು ನೋವಾಗುತ್ತದೆ? ಅದೇ ನೋವು ಅವರಿಗೂ ಆಗಿದೆ, ಇನ್ನೂ ಜಾಸ್ತಿ ಆಗಿದೆ. ಶಾಲೆಯಲ್ಲಿ ಪಟ್ವಾ ಆಡಿದ ಮಕ್ಕಳನ್ನು ತಿದ್ದುತ್ತಿದ್ದರು, ಗದರುತ್ತಿದ್ದರು. ಹಿಮವನ್ನೇ ಕಾಣದ ಮಕ್ಕಳು ಹಿಮದ ಪದ್ಯ ಬಾಯಿಪಾಠ ಮಾಡುತ್ತಿದ್ದರು.

ಅದನ್ನು ಬದಲಿಸಿದವರಲ್ಲಿ ದೊಡ್ಡ ಹೆಸರು ಜಮೈಕಾದ ಲೂಯಿಸ್ ಬೆನೆಟ್. ಜನ ಅವರನ್ನು ಪ್ರೀತಿಯಿಂದ ಮಿಸ್ ಲೂ ಅಂತ ಕರೆದರು. 1919ರಲ್ಲಿ ಹುಟ್ಟಿದವರು, 2006ರಲ್ಲಿ ತೀರಿಕೊಂಡರು. ಸಂತೆಯ ಹೆಂಗಸರ ಮಾತನ್ನೇ ಪದ್ಯ ಮಾಡಿ ವೇದಿಕೆಯ ಮೇಲೆ, ರೇಡಿಯೊದಲ್ಲಿ ಹೇಳಿದರು. ಮೊದಮೊದಲು ಓದಿದವರು ಮೂಗು ಮುರಿದರು. ಆಮೇಲೆ ಇಡೀ ದೇಶ ಅವರನ್ನು ತಲೆ ಮೇಲೆ ಹೊತ್ತುಕೊಂಡಿತು. ಬಾರ್ಬಡೋಸ್‌ನ ಕವಿ ಕಮಾವು ಬ್ರಾಥ್‌ವೇಟ್ ಇಂಥ ಮಾತಿಗೆ 'ನಾಡಿನ ನುಡಿ' ಅನ್ನುವ ಅರ್ಥದ ಹೆಸರು ಕೊಟ್ಟರು. 2012ರಲ್ಲಿ ಬೈಬಲ್‌ನ ಹೊಸ ಒಡಂಬಡಿಕೆ ಪಟ್ವಾದಲ್ಲಿ ಬಂತು. ಚರ್ಚಿನಲ್ಲಿ ಅಜ್ಜಿ ಮಾತಿನಲ್ಲೇ ದೇವರ ಮಾತು ಕೇಳಿದವರಿಗೆ ಹೇಗನ್ನಿಸಿರಬೇಕು, ಯೋಚಿಸಿ.

ಇಂಗ್ಲಿಷ್ ಒಂದಿದ್ದರೆ ಸಾಕಾ, ಆ ಪ್ರದೇಶಕ್ಕೆ ಸೇರಿದ ಹಾಗೆಯೇ?

ಸಾಲದು. ಇದಕ್ಕೆ ಉತ್ತರ ಸಿಗುವುದು ಅಂಚಿನಲ್ಲಿರುವ ಜಾಗಗಳಲ್ಲಿ.

ಪೋರ್ಟೊ ರಿಕೊ ನೋಡಿ. 1898ರಿಂದ ಅಮೆರಿಕದ ಕೈಯಲ್ಲಿದೆ. ಇಂಗ್ಲಿಷ್ ಅಲ್ಲಿ ಅಧಿಕೃತ ಭಾಷೆಗಳಲ್ಲಿ ಒಂದು. ಆದರೆ ಜನರ ಬಾಯಲ್ಲಿರುವುದು ಸ್ಪ್ಯಾನಿಷ್, ಆಡುವುದು ಬೇಸ್‌ಬಾಲ್. ಅದನ್ನು ಯಾರೂ ಈ ಬಳಗಕ್ಕೆ ಸೇರಿಸುವುದಿಲ್ಲ. ಅದರ ಪಕ್ಕದಲ್ಲೇ ವರ್ಜಿನ್ ದ್ವೀಪಗಳಿವೆ. ಅವುಗಳಲ್ಲಿ ಒಂದು ಭಾಗ 1917ರವರೆಗೆ ಡೆನ್ಮಾರ್ಕಿನದು, ಆಮೇಲೆ ಅಮೆರಿಕ ದುಡ್ಡು ಕೊಟ್ಟು ಕೊಂಡುಕೊಂಡಿತು. ಬ್ರಿಟನ್ ಬಾವುಟದ ಕೆಳಗೆ ಬಹಳ ಕಾಲ ಇದ್ದದ್ದೇ ಅಲ್ಲ. ಆದರೆ ಜನರ ಮಾತು ಇಂಗ್ಲಿಷ್ ಕ್ರಿಯೋಲ್, ಹಿಂದಿನ ಬದುಕು ಅದೇ ಕಬ್ಬಿನ ತೋಟದ್ದು. ಅಲ್ಲಿನ ಹುಡುಗರು ವೆಸ್ಟ್ ಇಂಡೀಸ್ ಕ್ರಿಕೆಟ್ ತಂಡಕ್ಕೆ ಆಡಬಹುದು.

ಸೂರಿನಾಮ್ ಇನ್ನೂ ಸೋಜಿಗ. ಅದು ಡಚ್ ದೇಶ, ಆಡಳಿತ ಡಚ್ ಭಾಷೆಯಲ್ಲಿ. ಆದರೆ ಬೀದಿಯ ಮಾತಾದ ಸ್ರಾನನ್ ಹುಟ್ಟಿದ್ದು ಇಂಗ್ಲಿಷಿನಿಂದ. 1650ರ ಸುಮಾರಿಗೆ ಅಲ್ಲಿಗೆ ಹೋಗಿದ್ದ ಇಂಗ್ಲಿಷರು 1667ರ ಒಪ್ಪಂದದಲ್ಲಿ ಜಾಗ ಡಚ್ಚರಿಗೆ ಬಿಟ್ಟರು. ಅದೇ ಒಪ್ಪಂದದಲ್ಲಿ ನ್ಯೂಯಾರ್ಕ್ ಇಂಗ್ಲಿಷರ ಕೈಯಲ್ಲಿ ಉಳಿಯಿತು. ಹದಿನೈದು ಹದಿನಾರು ವರ್ಷ ಇದ್ದು ಹೋದ ಭಾಷೆ ಮೂರೂವರೆ ಶತಮಾನದ ಮೇಲೂ ತೋಟದ ಜನರ ಮೊಮ್ಮಕ್ಕಳ ಬಾಯಲ್ಲಿದೆ.

ಇನ್ನು ಕೋಸ್ಟಾ ರಿಕಾದ ಲಿಮೋನ್, ಪನಾಮಾದ ಕೊಲೋನ್. ಇವು ಸ್ಪ್ಯಾನಿಷ್ ದೇಶಗಳ ಊರುಗಳು. ರೈಲು ಹಳಿ ಹಾಕಲು, ಕಾಲುವೆ ತೋಡಲು, ಬಾಳೆ ತೋಟಕ್ಕೆ ಜಮೈಕಾ, ಬಾರ್ಬಡೋಸ್‌ನಿಂದ ಹೋದವರು ಅಲ್ಲೇ ನಿಂತರು. ಅವರ ಮನೆಗಳಲ್ಲಿ ಇಂಗ್ಲಿಷ್ ಕ್ರಿಯೋಲ್ ಇನ್ನೂ ಕೇಳಿಸುತ್ತದೆ.

ಹಾಗಾಗಿ ನನ್ನ ಲೆಕ್ಕ ಇಷ್ಟು. ಬರೀ ಭಾಷೆ ನೋಡಿದರೆ ಗಡಿ ಸಿಗುವುದಿಲ್ಲ, ಬರೀ ಬಾವುಟ ನೋಡಿದರೂ ಸಿಗುವುದಿಲ್ಲ. ಕಬ್ಬಿನ ತೋಟದಲ್ಲಿ ದುಡಿದವರು ಇಂಗ್ಲಿಷನ್ನು ಒಡೆದು ತಮಗೆ ಬೇಕಾದ ಹಾಗೆ ಕಟ್ಟಿಕೊಂಡರಲ್ಲ, ಆ ಮಾತು ಎಲ್ಲಿಯವರೆಗೆ ಕೇಳಿಸುತ್ತದೋ ಅಲ್ಲಿಯವರೆಗೆ ಈ ಪ್ರದೇಶ.

ಭಾರತದವರು ಅಲ್ಲಿಗೆ ಹೋದದ್ದು ಯಾವಾಗ? ಅವರೂ ಅದೇ ಸಂಸ್ಕೃತಿಗೆ ಸೇರಿದರೇ?

ಗುಲಾಮರು ಬಿಡುಗಡೆಯಾದ ಮೇಲೆ ತೋಟದ ಮಾಲೀಕರಿಗೆ ಕಡಿಮೆ ಕೂಲಿಯ ಆಳು ಬೇಕಾಗಿತ್ತು. ಐದು ವರ್ಷದ ಕರಾರಿನ ಮೇಲೆ ಭಾರತದಿಂದ ಜನರನ್ನು ಹಡಗು ಹತ್ತಿಸಿದರು. ಮೊದಲ ಹಡಗುಗಳು ಗಯಾನಾ ಮುಟ್ಟಿದ್ದು 1838ರ ಮೇ 5ರಂದು. ಟ್ರಿನಿಡಾಡ್‌ಗೆ ಮೊದಲ ಹಡಗು ಬಂದದ್ದು 1845ರ ಮೇ 30ರಂದು. 1917ರಲ್ಲಿ ನಿಲ್ಲುವ ಹೊತ್ತಿಗೆ ಗಯಾನಾಕ್ಕೆ 2 ಲಕ್ಷಕ್ಕೂ ಹೆಚ್ಚು, ಟ್ರಿನಿಡಾಡ್‌ಗೆ ಸುಮಾರು 1 ಲಕ್ಷ 44 ಸಾವಿರ ಜನ ಹೋಗಿದ್ದರು. ಬಹುಪಾಲು ಜನ ಕಲ್ಕತ್ತಾ ಬಂದರಿನಿಂದ ಹೊರಟ ಭೋಜಪುರಿ, ಅವಧಿ ಮಾತಿನವರು. ಮದ್ರಾಸಿನಿಂದ ಹೋದವರೂ ಇದ್ದರು. ಗಯಾನಾದ ಕಾಳಿ ಮಾಯಿ ಪೂಜೆಯಲ್ಲಿ ಇವತ್ತಿಗೂ ಆ ಮದ್ರಾಸಿನ ನೆರಳು ಕಾಣುತ್ತದೆ.

ಇವರು ಮೊದಲಿಗೆ ಬೇರೆಯಾಗೇ ಉಳಿದರು. ಆಫ್ರಿಕಾ ಮೂಲದವರಿಗೂ ಇವರಿಗೂ ನಡುವೆ ಜಗಳ, ಅನುಮಾನ ಹುಟ್ಟಿದ್ದು ಸುಳ್ಳಲ್ಲ. ಕೂಲಿ ಇಳಿಸಲು ಬಂದವರು ಅಂತ ಅವರಿಗೆ ಕೋಪ. ಗಯಾನಾದ ಚುನಾವಣೆಗಳಲ್ಲಿ ಆ ಬಿರುಕು ಈಗಲೂ ಕಾಣುತ್ತದೆ. ಇದನ್ನು ಮುಚ್ಚಿಟ್ಟು ಬರೀ ಸಿಹಿ ಹೇಳಿದರೆ ತಪ್ಪಾಗುತ್ತದೆ.

ಆದರೆ ಮಾತು ಬೆರೆಯಿತು. ಭೋಜಪುರಿ ನಿಧಾನಕ್ಕೆ ಮನೆಯಿಂದ ಮರೆಯಾಯಿತು, ಪದಗಳು ಮಾತ್ರ ಕ್ರಿಯೋಲಿನೊಳಗೆ ಬಂದು ಕೂತವು. ಟ್ರಿನಿಡಾಡ್‌ನ ಯಾರನ್ನು ಕೇಳಿದರೂ ಭಾಜಿ, ಚನ್ನಾ, ರೋಟಿ, ದಾಲ್‌ಪುರಿ ಗೊತ್ತು. ಅಜ್ಜಿಗೆ 'ನಾನಿ', 'ಆಜಿ' ಅನ್ನುವ ಮನೆಗಳಿವೆ. ಅಲ್ಲಿನ ಮೊಹರಂ ಹಬ್ಬ 'ಹೊಸೆ'. ತಾಸೆ ಬಡಿಯಲು ಹಿಂದೂಗಳೂ ಆಫ್ರಿಕಾ ಮೂಲದವರೂ ಸೇರುತ್ತಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅಲಾಯಿ ದೇವರ ಮುಂದೆ ಊರಿಗೆ ಊರೇ ಕುಣಿಯುವುದನ್ನು ಕಂಡವರಿಗೆ ಇದು ಹೊಸದಲ್ಲ. ಮೇ 30 ಟ್ರಿನಿಡಾಡ್‌ನಲ್ಲಿ, ಮೇ 5 ಗಯಾನಾದಲ್ಲಿ ಭಾರತೀಯರು ಬಂದ ನೆನಪಿನ ರಜಾ ದಿನ.

ಊಟದಲ್ಲಿ ನಮಗೆ ಗೊತ್ತಿರುವುದು ಏನಾದರೂ ಇದೆಯಾ?

ಬೇಕಾದಷ್ಟು. ಕರಾವಳಿಯವರ ಜೀಗುಜ್ಜೆ ಅಲ್ಲಿ ದಿನದ ಊಟ. ಗುಲಾಮರ ಹೊಟ್ಟೆಗೆ ಅಗ್ಗದ ಆಹಾರ ಬೇಕು ಅಂತ ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಬ್ಲೈ 1793ರಲ್ಲಿ ಪೆಸಿಫಿಕ್ ಸಾಗರದ ತಾಹಿತಿ ದ್ವೀಪದಿಂದ ಆ ಸಸಿಗಳನ್ನು ಹಡಗಿನಲ್ಲಿ ಸೇಂಟ್ ವಿನ್ಸೆಂಟ್ ಮತ್ತು ಜಮೈಕಾಗೆ ತಂದ. ನಾವು ಪೋಡಿ ಮಾಡುತ್ತೇವೆ, ಅವರು ಇಡೀ ಕಾಯಿಯನ್ನೇ ಕೆಂಡದಲ್ಲಿ ಸುಡುತ್ತಾರೆ. ಕೆಸುವಿನ ಸೊಪ್ಪು ಹಾಕಿ ಟ್ರಿನಿಡಾಡ್‌ನಲ್ಲಿ ಕಲಲೂ ಅನ್ನುವ ಮೇಲೋಗರ ಮಾಡುತ್ತಾರೆ. ಅದೇ ಎಲೆಗೆ ಬೇಳೆ ಹಿಟ್ಟು ಹಚ್ಚಿ ಕರಿದರೆ ಸಹೀನಾ. ಪತ್ರೊಡೆಯ ದೂರದ ತಂಗಿ ಅಂತ ನಾನು ಅದನ್ನು ಕರೆಯುತ್ತೇನೆ.

ಜಮೈಕಾದ ರಾಷ್ಟ್ರೀಯ ತಿನಿಸು ಆಕಿ ಹಣ್ಣು ಮತ್ತು ಉಪ್ಪುಮೀನು. ಆಕಿ ಪಶ್ಚಿಮ ಆಫ್ರಿಕಾದ್ದು, ಮೀನು ಕೆನಡಾ ಕಡೆಯ ತಣ್ಣನೆ ಕಡಲಿನಿಂದ ತೋಟಗಳಿಗೆ ಬರುತ್ತಿದ್ದದ್ದು. ಒಂದು ತಟ್ಟೆಯಲ್ಲಿ ಎರಡು ಖಂಡ. ಕ್ರಿಸ್‌ಮಸ್‌ಗೆ ಮಾಡುವ ಕಪ್ಪು ಕೇಕು ಇಂಗ್ಲೆಂಡಿನ ಪುಡಿಂಗಿನ ಮಗಳು, ಆದರೆ ಹಣ್ಣು ನೆನೆಯುವುದು ಊರಿನ ರಮ್‌ನಲ್ಲಿ.

ಇಷ್ಟೆಲ್ಲ ಒಂದೇ ಇದ್ದರೆ ಒಂದೇ ದೇಶ ಯಾಕೆ ಆಗಲಿಲ್ಲ?

ಹೆಚ್ಚುಕಡಿಮೆ ಆಗಿತ್ತು, ನಾಲ್ಕು ವರ್ಷ, ಬ್ರಿಟನ್ ಕೈಕೆಳಗೇ. 1958ರ ಜನವರಿಯಲ್ಲಿ ಹತ್ತು ಪ್ರಾಂತ್ಯ ಸೇರಿ ವೆಸ್ಟ್ ಇಂಡೀಸ್ ಒಕ್ಕೂಟ ಹುಟ್ಟಿತು. ರಾಜಧಾನಿ ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್. ಬಾರ್ಬಡೋಸ್‌ನ ಗ್ರಾಂಟ್ಲಿ ಆಡಮ್ಸ್ ಪ್ರಧಾನಿ. 1960ರ ರೋಮ್ ಒಲಿಂಪಿಕ್ಸ್‌ಗೆ ಒಂದೇ ತಂಡವಾಗಿ ಹೋಗಿ ಎರಡು ಕಂಚು ಗೆದ್ದರು.

ಒಡೆದದ್ದು ಯಾಕೆ? ಜಮೈಕಾದಿಂದ ಟ್ರಿನಿಡಾಡ್‌ಗೆ ಸುಮಾರು 1,800 ಕಿಲೋಮೀಟರ್ ದೂರ. ಹೆಚ್ಚುಕಡಿಮೆ ಬೆಂಗಳೂರಿನಿಂದ ದೆಹಲಿಗೆ ವಿಮಾನ ಹಾರುವಷ್ಟು, ಅದೂ ನಡುವೆ ಬರೀ ನೀರು. ಒಕ್ಕೂಟದ ಕೈಯಲ್ಲಿ ದುಡ್ಡಿರಲಿಲ್ಲ, ತೆರಿಗೆ ಹಾಕುವ ಬಲವಿರಲಿಲ್ಲ. ದೊಡ್ಡ ದ್ವೀಪಗಳಿಗೆ ಚಿಕ್ಕವುಗಳ ಹೊರೆ ನಮಗ್ಯಾಕೆ ಅನ್ನಿಸಿತು. ಚಿಕ್ಕವಕ್ಕೆ ದೊಡ್ಡವರು ನುಂಗಿಬಿಡುತ್ತಾರೆ ಅನ್ನುವ ಭಯ. 1961ರ ಸೆಪ್ಟೆಂಬರಿನಲ್ಲಿ ಜಮೈಕಾ ಜನಮತ ಕೇಳಿತು. ಜನ ಹೊರಗೆ ಬರೋಣ ಅಂದರು. ಆಗ ಟ್ರಿನಿಡಾಡ್‌ನ ನಾಯಕ ಎರಿಕ್ ವಿಲಿಯಮ್ಸ್ ಹೇಳಿದ್ದು ಪ್ರಸಿದ್ಧ ಲೆಕ್ಕ: ಹತ್ತರಲ್ಲಿ ಒಂದು ಕಳೆದರೆ ಸೊನ್ನೆ. 1962ರ ಮೇ 31ಕ್ಕೆ ಒಕ್ಕೂಟ ಮುಗಿಯಿತು. ಅದೇ ಆಗಸ್ಟ್‌ನಲ್ಲಿ ಜಮೈಕಾ 6ನೇ ತಾರೀಕು, ಟ್ರಿನಿಡಾಡ್ 31ನೇ ತಾರೀಕು ಬೇರೆ ಬೇರೆಯಾಗಿ ಸ್ವತಂತ್ರವಾದವು.

ನನಗೆ ಇದು ಬೇಸರದ ಕತೆ. ಇನ್ನು ಹತ್ತು ವರ್ಷ ತಾಳಿದ್ದರೆ ನಿಲ್ಲುತ್ತಿತ್ತೇನೋ ಅನ್ನಿಸುತ್ತದೆ.

ಹಾಗಾದರೆ ಈಗ ಇವರನ್ನು ಒಟ್ಟಿಗೆ ಹಿಡಿದಿಟ್ಟಿರುವುದು ಯಾವುದು?

ಒಂದು ವಿಶ್ವವಿದ್ಯಾಲಯ. 1948ರಲ್ಲಿ ಜಮೈಕಾದ ಮೋನಾದಲ್ಲಿ ಶುರುವಾದ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯ ಒಕ್ಕೂಟ ಒಡೆದರೂ ಒಡೆಯಲಿಲ್ಲ. ಟ್ರಿನಿಡಾಡ್, ಬಾರ್ಬಡೋಸ್, ಆಂಟಿಗುವಾದಲ್ಲೂ ಅದರ ಆವರಣಗಳಿವೆ. ಹಲವು ದೇಶಗಳ ಮಕ್ಕಳು ಒಂದೇ ಹಾಸ್ಟೆಲಿನಲ್ಲಿ ಕೂತು 'ನಿಮ್ಮ ಕಡೆ ಇದಕ್ಕೆ ಏನಂತೀರಿ' ಅಂತ ಕೇಳಿಕೊಂಡು ಬೆಳೆದರು. ಅದರ ಮೊದಲ ಕುಲಪತಿ ಸೇಂಟ್ ಲೂಸಿಯಾದ ಆರ್ಥರ್ ಲೂಯಿಸ್. 1979ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. 1992ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಡೆರೆಕ್ ವಾಲ್ಕಾಟ್ ಕೂಡ ಅದೇ ದ್ವೀಪದವರು. ಇಬ್ಬರೂ ಹುಟ್ಟಿದ್ದು ಜನವರಿ 23ರಂದೇ. ಎರಡು ಲಕ್ಷಕ್ಕೂ ಕಡಿಮೆ ಜನರಿರುವ ದ್ವೀಪ ಅದು!

ಇನ್ನೊಂದು, ಪರೀಕ್ಷೆ. ಮೊದಲು ಉತ್ತರ ಪತ್ರಿಕೆಗಳು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿದ್ದವು. 1972ರಲ್ಲಿ ಕೆರಿಬಿಯನ್ ಪರೀಕ್ಷಾ ಮಂಡಳಿ ಹುಟ್ಟಿತು, 1979ರಿಂದ ತಮ್ಮದೇ ಪ್ರಶ್ನೆಪತ್ರಿಕೆ. ತಮ್ಮ ಚರಿತ್ರೆ, ತಮ್ಮ ಕವಿಗಳು ಪಾಠಕ್ಕೆ ಬಂದರು. ಇದನ್ನು ಸಣ್ಣ ವಿಷಯ ಅಂತ ಅನ್ನಬೇಡಿ.

1973ರ ಜುಲೈ 4ರಂದು ಕ್ಯಾರಿಕಾಮ್ ಅನ್ನುವ ಕೂಟ ಕಟ್ಟಿಕೊಂಡರು. ಆಮೇಲೆ ಸೂರಿನಾಮ್, ಹೈಟಿಯೂ ಸೇರಿದವು, ಅಂದರೆ ಇಂಗ್ಲಿಷ್ ಗೆರೆಯನ್ನೂ ದಾಟಿತು. ಪೂರ್ವದ ಪುಟ್ಟ ದ್ವೀಪಗಳಿಗೆ ಒಂದೇ ಡಾಲರ್ ಇದೆ. 1976ರಿಂದ 2.70ಕ್ಕೆ ಒಂದು ಅಮೆರಿಕನ್ ಡಾಲರ್, ಅಲ್ಲಾಡಿಲ್ಲ. 2005ರಲ್ಲಿ ತಮ್ಮದೇ ದೊಡ್ಡ ಕೋರ್ಟ್ ಬಂತು. ಆದರೂ ಹಲವು ದೇಶಗಳ ಕೊನೆಯ ಮೇಲ್ಮನವಿ ಇನ್ನೂ ಲಂಡನ್ನಿಗೇ ಹೋಗುತ್ತದೆ.

ಬ್ರಿಟನ್ ರಾಜ ಈಗಲೂ ಇವರ ರಾಜನೇ?

ಕೆಲವರಿಗೆ ಹೌದು. ಜಮೈಕಾಗೂ ಇನ್ನೂ ಹೌದು. ಗಯಾನಾ 1970ರಲ್ಲಿ, ಟ್ರಿನಿಡಾಡ್ 1976ರಲ್ಲಿ, ಬಾರ್ಬಡೋಸ್ 2021ರ ನವೆಂಬರ್ 30ರಂದು ಗಣರಾಜ್ಯವಾದವು. ಗುಲಾಮಗಿರಿಗೆ ಪರಿಹಾರ ಕೊಡಿ ಅಂತ ಕ್ಯಾರಿಕಾಮ್ 2014ರಲ್ಲಿ ಹತ್ತು ಅಂಶಗಳ ಬೇಡಿಕೆ ಮುಂದಿಟ್ಟಿದೆ. ಕೇಳುವುದು ನ್ಯಾಯ ಅಂತಲೇ ನನ್ನ ನಂಬಿಕೆ.

ಕ್ರಿಕೆಟ್ ಇಷ್ಟು ಮುಖ್ಯ ಯಾಕೆ?

ಇಷ್ಟೊಂದು ದ್ವೀಪಗಳು ಒಂದೇ ಟೋಪಿ ಹಾಕುವುದು ಅಲ್ಲಿ. ಟೆಸ್ಟ್ ಆಟ ಶುರುವಾದದ್ದು 1928ರಲ್ಲಿ. ಆದರೆ ನಾಯಕನಾಗಿ ಬಿಳಿಯನೇ ಇರಬೇಕು ಅನ್ನುವ ರೂಢಿ ಬಹಳ ಕಾಲ ನಡೆಯಿತು. ಅದನ್ನು ಮುರಿದು ಇಡೀ ಸರಣಿಗೆ ನಾಯಕನಾದ ಮೊದಲ ಕಪ್ಪು ಆಟಗಾರ ಫ್ರಾಂಕ್ ವೊರೆಲ್, 1960–61ರ ಆಸ್ಟ್ರೇಲಿಯಾ ಪ್ರವಾಸದಲ್ಲಿ. ಹುಟ್ಟಿದ್ದು ಬಾರ್ಬಡೋಸ್‌ನಲ್ಲಿ, ನೆಲೆಸಿದ್ದು ಜಮೈಕಾದಲ್ಲಿ. ಮೋನಾದ ವಿದ್ಯಾರ್ಥಿನಿಲಯದ ವಾರ್ಡನ್ ಆಗಿದ್ದರು. ದ್ವೀಪದ ಅಭಿಮಾನ ಬಿಟ್ಟು ಒಂದಾಗಿ ಅಂತ ಹೇಳಿದ್ದಷ್ಟೇ ಅಲ್ಲ, ಹಾಗೆ ಬದುಕಿದರು. 1962ರಲ್ಲಿ ಬಾರ್ಬಡೋಸ್‌ನಲ್ಲಿ ನಮ್ಮ ನಾರಿ ಕಾಂಟ್ರಾಕ್ಟರ್ ತಲೆಗೆ ಚೆಂಡು ಬಡಿದಾಗ ರಕ್ತ ಕೊಡಲು ಮುಂದೆ ಬಂದವರಲ್ಲಿ ಈ ವೊರೆಲ್ ಒಬ್ಬರು.

ಆಮೇಲಿನ ನಾಲ್ಕು ವೇಗದ ಬೌಲರ್‌ಗಳನ್ನು ನೋಡಿ. ಆಂಟಿಗುವಾದ ಆಂಡಿ ರಾಬರ್ಟ್ಸ್, ಜಮೈಕಾದ ಮೈಕೆಲ್ ಹೋಲ್ಡಿಂಗ್, ಬಾರ್ಬಡೋಸ್‌ನ ಜೋಯೆಲ್ ಗಾರ್ನರ್, ಗಯಾನಾದ ಕಾಲಿನ್ ಕ್ರಾಫ್ಟ್. ನಾಲ್ಕು ಜನ, ನಾಲ್ಕು ನಾಡು. 1962ರಲ್ಲಿ ಒಡೆದ ಒಕ್ಕೂಟ ಮೈದಾನದಲ್ಲಿ ಓಡಿಬರುತ್ತಿತ್ತು.

ಕನ್ನಡಿಗರಿಗೂ ಇವರಿಗೂ ಏನಾದರೂ ನಂಟಿದೆಯೇ?

ಇದೆ, ಬೆಂಗಳೂರಿನಲ್ಲೇ. ಚಿನ್ನಸ್ವಾಮಿ ಮೈದಾನದಲ್ಲಿ ನಡೆದ ಮೊದಲ ಟೆಸ್ಟ್ ವೆಸ್ಟ್ ಇಂಡೀಸ್ ವಿರುದ್ಧ, 1974ರ ನವೆಂಬರ್. ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರೂ ಮೊದಲ ಸಲ ಟೆಸ್ಟ್ ಆಡಿದ್ದು ಅಲ್ಲಿ. ಕ್ಲೈವ್ ಲಾಯ್ಡ್ ನಾಯಕನಾಗಿ ಆಡಿದ ಮೊದಲ ಟೆಸ್ಟ್ ಕೂಡ ಅದೇ. ಗ್ರೀನಿಜ್ 93 ಮತ್ತು 107 ಹೊಡೆದರು. ರಿಚರ್ಡ್ಸ್ ಎರಡು ಸಲವೂ ನಮ್ಮ ಚಂದ್ರಶೇಖರ್‌ಗೆ ಬಲಿ, 4 ಮತ್ತು 3. ಮುಂದೆ ಜಗತ್ತನ್ನೇ ಆಳಿದ ತಂಡದ ಬೀಜ ನಮ್ಮ ಕಬ್ಬನ್ ಪಾರ್ಕ್ ಪಕ್ಕ ಮೊಳೆಯಿತು.

2002ರಲ್ಲಿ ಆಂಟಿಗುವಾದಲ್ಲಿ ದವಡೆ ಮುರಿದರೂ ಮುಖಕ್ಕೆ ಬ್ಯಾಂಡೇಜ್ ಸುತ್ತಿಕೊಂಡು ಬಂದ ಅನಿಲ್ ಕುಂಬ್ಳೆ ಬ್ರಯನ್ ಲಾರಾ ವಿಕೆಟ್ ತೆಗೆದರು. 2006ರಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ರಾಹುಲ್ ದ್ರಾವಿಡ್ 81 ಮತ್ತು 68 ಹೊಡೆದು, 1971ರ ನಂತರ ಮೊದಲ ಸಲ ಅಲ್ಲಿ ಸರಣಿ ಗೆಲ್ಲಿಸಿದರು. 2013ರ ಏಪ್ರಿಲ್ 23ರಂದು ಗೇಲ್ ಚಿನ್ನಸ್ವಾಮಿಯಲ್ಲಿ 66 ಚೆಂಡಿಗೆ 175 ಹೊಡೆದ ರಾತ್ರಿ ಯಾರು ತಾನೇ ಮರೆತಾರು?

ಹೊರದೇಶಕ್ಕೆ ಹೋದವರು ಏನಾದರು?

1948ರ ಜೂನ್ 22ರಂದು ಎಂಪೈರ್ ವಿಂಡ್‌ರಶ್ ಅನ್ನುವ ಹಡಗಿನಿಂದ ನೂರಾರು ಜನ ಇಂಗ್ಲೆಂಡಿನ ಟಿಲ್ಬರಿಯಲ್ಲಿ ಇಳಿದರು. ಆಮೇಲೆ ಸಾವಿರಾರು ಜನ ಹೋದರು. ಊರಲ್ಲಿ ಜಮೈಕಾದವನು, ಬಾರ್ಬಡೋಸ್‌ನವನು ಆಗಿದ್ದವರು ಲಂಡನ್ನಿನ ಚಳಿಯಲ್ಲಿ, ಬಾಡಿಗೆಗೆ ಮನೆ ಸಿಗದ ಅವಮಾನದಲ್ಲಿ, ಒಂದೇ ಜನ ಆದರು. ಮುಂಬೈಗೆ ಹೋದ ಮೇಲೆ ಬೀದರ್‌ನವರೂ ಉಡುಪಿಯವರೂ 'ಕನ್ನಡದವರು' ಆದ ಹಾಗೆ. ಲಂಡನ್ನಿನ ನಾಟಿಂಗ್ ಹಿಲ್ ಕಾರ್ನಿವಲ್, ಟೊರಾಂಟೊದಲ್ಲಿ 1967ರಿಂದ ನಡೆಯುವ ಕಾರ್ನಿವಲ್ ಇವರದೇ. ಅಲ್ಲಿ ಬಾರಿಸುವ ಸ್ಟೀಲ್ ಪ್ಯಾನ್ ಟ್ರಿನಿಡಾಡ್‌ನದು. 1880ರ ದಶಕದಲ್ಲಿ ಬ್ರಿಟಿಷರು ಡೋಲು ಬಡಿಯುವುದಕ್ಕೆ ಅಡ್ಡಿ ಮಾಡಿದರು. ಜನ ಬಿದಿರು ಕುಟ್ಟಿದರು. ಆಮೇಲೆ ಖಾಲಿ ಎಣ್ಣೆ ಡ್ರಮ್ಮಿನ ತಳ ಬಡಿದು ಸ್ವರ ಎಬ್ಬಿಸಿದರು.

ಇವರ ಮಾತು ಕೇಳಬೇಕು ಅನ್ನಿಸಿದೆ. ಎಲ್ಲಿಂದ ಶುರು ಮಾಡಲಿ?

ಕ್ರಿಕೆಟ್ ಕಾಮೆಂಟರಿಯಿಂದ. ಆಟ ಗೊತ್ತಿರುವುದರಿಂದ ಪದ ತಪ್ಪಿದರೂ ಅರ್ಥ ತಪ್ಪುವುದಿಲ್ಲ. ಮೊದಲು ಮೈಕೆಲ್ ಹೋಲ್ಡಿಂಗ್ ಹಳೆಯ ಕಾಮೆಂಟರಿ ಕೇಳಿ, ಅದು ಜಮೈಕಾ. ಆಮೇಲೆ ಇಯಾನ್ ಬಿಷಪ್, ಅದು ಟ್ರಿನಿಡಾಡ್, ಮಾತು ಹಾಡಿನ ಹಾಗೆ ಏರಿ ಇಳಿಯುತ್ತದೆ. ಬಾರ್ಬಡೋಸ್‌ನವರನ್ನು ಗುರುತಿಸುವುದು ಸುಲಭ, ಪದದ ಕೊನೆಯ 'ರ್' ನುಂಗುವುದಿಲ್ಲ, ಒತ್ತಿ ಹೇಳುತ್ತಾರೆ. ಪಂದ್ಯ ಮುಗಿದ ಮೇಲೆ ಆಟಗಾರರು ತಮ್ಮತಮ್ಮಲ್ಲೇ ಮಾತಾಡುವಾಗ ಕಿವಿ ಕೊಡಿ. ಕ್ಯಾಮೆರಾ ಕಡೆ ತಿರುಗಿದಾಗ ಬರುವ ಇಂಗ್ಲಿಷೇ ಬೇರೆ, ಪಕ್ಕದವನ ಹೆಗಲ ಮೇಲೆ ಕೈ ಹಾಕಿದಾಗ ಬರುವ ಮಾತೇ ಬೇರೆ. ಆ ಎರಡನೆಯದನ್ನು ಹುಡುಕಿ.